ಭಾಷಾಶಾಸ್ತ್ರವನ್ನು ಓದಿದವರು ಎಲ್ಲಿಗೆ ಹೋಗಬೇಕು?

ಕಳೆದ ತಿಂಗಳು ನಮ್ಮೂರಲ್ಲಿ ಸೇರಿದ ಒಂದು ವಿದ್ವತ್ಸಭೆಯಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು ಆಡಿದ ಮಾತು ಈ ಲೇಖನಕ್ಕೆ ಕಾರಣವಾಗಿದೆ. ಭಾಷಾಶಾಸ್ತ್ರದಲ್ಲಿ ಎಂ. ಎ. ಮುಗಿಸಿದ ತರುಣರು ಸಂಶೋಧನೆಯನ್ನು ಕೈಬಿಟ್ಟು ಕಂಪನಿ ಕಚೇರಿಗಳ ಚಾಕರಿಯನ್ನು ಹಿಡಿಯುತ್ತಿರುವುದು ಶಾಸ್ತ್ರದ್ರೋಹವೆಂದೂ, ಅಂಥವರಿಗೆ ಕಲಿಸಿದ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ ವ್ಯರ್ಥವೆಂದೂ ಅವರು ನುಡಿದರು. ಸಭೆಯು ಚಪ್ಪಾಳೆಯಿಂದ ಆ ಮಾತನ್ನು ಮೆಚ್ಚಿತು. ನನ್ನ ಪಕ್ಕದಲ್ಲಿ ಕುಳಿತಿದ್ದ ಸ್ನೇಹಿತರ ಮಗಳು ಮಾತ್ರ ತಲೆ ತಗ್ಗಿಸಿದಳು. ಆಕೆ ಅದೇ ಶಾಸ್ತ್ರದಲ್ಲಿ ಕಳೆದ ವರ್ಷ ಮೊದಲ ದರ್ಜೆಯಲ್ಲಿ ತೇರ್ಗಡೆಯಾದವಳು. ಮನೆಯಲ್ಲಿ ತಂದೆಯವರು, ಇದನ್ನು ಓದಿ ಏನು ಮಾಡುತ್ತೀ ಎನ್ನುವರು. ಹೊರಗೆ ಗುರುಗಳು, ಸಂಶೋಧನೆಯಲ್ಲದೆ ಬೇರೇನು ಮಾಡಿದರೂ ಕೆಟ್ಟೆ ಎನ್ನುವರು. ಸಭೆ ಮುಗಿದು ಮೆಟ್ಟಿಲಿಳಿಯುವಾಗ ಆ ಹುಡುಗಿ, "ಕಾಕಾ, ನಾ ಇದನ್ನ ಓದಿದ್ದು ತಪ್ಪಾತೇನು?" ಎಂದು ಕೇಳಿದಳು. ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಹೊಳೆದುದನ್ನು ಈಗ ಬರೆಯುತ್ತಿದ್ದೇನೆ. ವಾಚಕರ ಮನೆಗಳಲ್ಲಿಯೂ ಇಂಥ ಮಕ್ಕಳು ಇದ್ದಾರು. ಅವರ ತಂದೆತಾಯಂದಿರು ಇದನ್ನು ಓದಿದರೆ ನನ್ನ ಶ್ರಮ ಸಾರ್ಥಕ.

ಮೊದಲು ದ್ರೋಹದ ಮಾತನ್ನು ನೋಡೋಣ. ಸಂಶೋಧನೆಯ ಪೀಠದಲ್ಲಿ ಕುಳಿತವರಿಂದಲೇ ಈ ಶಾಸ್ತ್ರ ಬೆಳೆಯಿತೆಂಬುದು ಪ್ರಾಧ್ಯಾಪಕರ ನಂಬಿಕೆ. ಇತಿಹಾಸವು ಇದಕ್ಕೆ ಸಾಕ್ಷಿ ನುಡಿಯುವುದಿಲ್ಲ. 1786ರಲ್ಲಿ ಸಂಸ್ಕೃತ, ಗ್ರೀಕು, ಲ್ಯಾಟಿನುಗಳು ಒಂದೇ ಮೂಲದವೆಂದು ಕಲಕತ್ತೆಯಲ್ಲಿ ಸಾರಿದ ಸರ್ ವಿಲಿಯಂ ಜೋನ್ಸನು ಅಲ್ಲಿಯ ಸುಪ್ರೀಂ ಕೋರ್ಟಿನ ನ್ಯಾಯಾಧೀಶ. ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವು ಬೇರೆಯೇ ಒಂದು ಕುಟುಂಬವೆಂದು 1816ರಲ್ಲಿ ತೋರಿಸಿದ ಎಲ್ಲಿಸನು ಮದರಾಸಿನ ಕಲೆಕ್ಟರ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ಕಾಲ್ಡ್‌ವೆಲ್ಲನು ತಿರುನೆಲ್ವೇಲಿಯ ಕಡೆ ಕೆಲಸ ಮಾಡಿದ ಪಾದ್ರಿ. ನಮ್ಮ ಕಿಟ್ಟೆಲರೂ ಪಾದ್ರಿಗಳೇ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಅವರ ಕೋಶವನ್ನು ಇಂದಿಗೂ ನಾವು ಪಕ್ಕದಲ್ಲಿಟ್ಟುಕೊಂಡೇ ಹಳಗನ್ನಡವನ್ನು ಓದುತ್ತೇವೆ. ಭಾರತದ ಭಾಷೆಗಳ ಸರ್ವೇಕ್ಷಣೆಯನ್ನು ನಡೆಸಿದ ಗ್ರಿಯರ್ಸನ್ನರು ಸಿವಿಲ್ ಅಧಿಕಾರಿಗಳು. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ, ಕರ್ಣಾಟಕ ಭಾಷಾಭೂಷಣವನ್ನು ರಚಿಸಿದ ಎರಡನೆಯ ನಾಗವರ್ಮನು ಚಾಲುಕ್ಯರಲ್ಲಿ ಕಟಕೋಪಾಧ್ಯಾಯನಾಗಿದ್ದನೆಂದು ಸಾಹಿತ್ಯಚರಿತ್ರಕಾರರು ಹೇಳುವರು. ಕಟಕವೆಂದರೆ ದಂಡು. ದಂಡಿನಲ್ಲಿ ಪಾಠ ಹೇಳಿದವನು ವ್ಯಾಕರಣ ಬರೆದನು!

ಈ ಮಾತಿಗೆ ನನಗೆ ಬಲು ಪ್ರಿಯವಾದ ನಿದರ್ಶನವೆಂದರೆ ಅಮೆರಿಕದ ಬೆಂಜಮಿನ್ ಲೀ ವೋರ್ಫ್. ರಾಸಾಯನಿಕ ಇಂಜಿನಿಯರಿಂಗ್ ಕಲಿತ ಈತನು 1919ರಿಂದ 1941ರಲ್ಲಿ ತೀರಿಕೊಳ್ಳುವವರೆಗೂ ಹಾರ್ಟ್‌ಫರ್ಡ್ ನಗರದ ಅಗ್ನಿವಿಮಾ ಕಂಪನಿಯೊಂದರಲ್ಲಿ ನೌಕರ. ಬೆಂಕಿ ಹೇಗೆ ಹತ್ತಿತೆಂದು ಕಾರಖಾನೆಗಳನ್ನು ತಪಾಸಣೆ ಮಾಡುವುದು ಅವನ ಉದ್ಯೋಗ. ಪೆಟ್ರೋಲು ತುಂಬಿದ ಪೀಪಾಯಿಗಳ ಹತ್ತಿರ ಕೆಲಸಗಾರರು ಬಹಳ ಎಚ್ಚರದಿಂದ ಇರುತ್ತಿದ್ದರು. 'ಬರಿದು' ಎಂದು ಕರೆಯುವ ಪೀಪಾಯಿಗಳ ಹತ್ತಿರ ನಿಶ್ಚಿಂತೆಯಿಂದ ಸಿಗರೇಟು ಸೇದುತ್ತಿದ್ದರು. ವಾಸ್ತವದಲ್ಲಿ ಬರಿದಾದ ಪೀಪಾಯಿಯಲ್ಲಿಯೇ ಸ್ಫೋಟಿಸುವ ಆವಿ ತುಂಬಿ, ಅಪಾಯ ಹೆಚ್ಚು. 'ಬರಿದು' ಎಂಬ ಒಂದು ಶಬ್ದವು ಮನುಷ್ಯರ ಬುದ್ಧಿಯನ್ನು ಮಂಕುಗೊಳಿಸಿ ಕಾರಖಾನೆ ಸುಟ್ಟಿತು. ಭಾಷೆಯು ನಮ್ಮ ಯೋಚನೆಯನ್ನೂ ನಡತೆಯನ್ನೂ ರೂಪಿಸುವುದೆಂಬ ಅವನ ವಾದವನ್ನು ಒಪ್ಪುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಆದರೆ ಅದಕ್ಕೆ ಅವನು ಕೊಟ್ಟ ಪ್ರಸಿದ್ಧ ನಿದರ್ಶನಗಳಲ್ಲಿ ಕೆಲವು ವಿಮಾ ಕಂಪನಿಯ ಕಡತದಿಂದ ಬಂದವು, ಗ್ರಂಥಾಲಯದಿಂದಲ್ಲ. ಹಾಗೆಯೇ ಕ್ರೀಟಿನ ಪ್ರಾಚೀನ ಲಿಪಿಯೊಂದನ್ನು 1952ರಲ್ಲಿ ಓದಿ, ಅದು ಗ್ರೀಕು ಭಾಷೆಯೇ ಎಂದು ತೋರಿಸಿದ ಮೈಕೆಲ್ ವೆಂಟ್ರಿಸನು ವೃತ್ತಿಯಿಂದ ಮನೆಗಳ ನಕ್ಷೆ ಹಾಕುವ ವಾಸ್ತುಶಿಲ್ಪಿ. ಇವರೆಲ್ಲರೂ ದ್ರೋಹಿಗಳೆಂದು ಪ್ರಾಧ್ಯಾಪಕರು ಹೇಳಲಿ ನೋಡೋಣ.

ಇನ್ನು ಅವರು ತೋರಿಸುವ ರಾಜಮಾರ್ಗವಾದರೂ ಎಂಥದು? ಎಂ. ಎ. ಆದಮೇಲೆ ಅರ್ಹತಾ ಪರೀಕ್ಷೆ, ಅದಾದಮೇಲೆ ನಾಲ್ಕೈದು ವರ್ಷಗಳ ಪ್ರಬಂಧ, ಅಷ್ಟರಲ್ಲಿ ವಯಸ್ಸು ಮೂವತ್ತು. ಆಮೇಲೆ ಕೆಲಸವೆಲ್ಲಿ? ಕನ್ನಡವನ್ನೋ ಇತಿಹಾಸವನ್ನೋ ಓದಿದವನಿಗೆ ಊರೂರಿನ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕನ ಹುದ್ದೆಯಾದರೂ ಉಂಟು. ಭಾಷಾಶಾಸ್ತ್ರವು ಪದವಿ ತರಗತಿಗಳಲ್ಲಿ ಪ್ರತ್ಯೇಕ ವಿಷಯವಾಗಿರುವುದೇ ಅಪರೂಪವಾದುದರಿಂದ ಇವನಿಗೆ ಆ ಅರೆಹೊಟ್ಟೆಯ ಅನ್ನವೂ ಇಲ್ಲ. ವಿಶ್ವವಿದ್ಯಾಲಯಗಳ ವಿಭಾಗಗಳು ಬೆರಳೆಣಿಕೆಯವು. ಅಲ್ಲಿ ಒಂದು ಪೀಠ ತೆರವಾಗಬೇಕಾದರೆ ಒಬ್ಬರು ನಿವೃತ್ತರಾಗಬೇಕು. ನಿವೃತ್ತರಾದಮೇಲೂ ಆ ಪೀಠ ತುಂಬುವುದೆಂಬ ಭರವಸೆಯಿಲ್ಲ. ಹತ್ತು ಮಕ್ಕಳಿಗೆ ಕಲಿಸಿ, ಒಬ್ಬನಿಗೆ ಮಾತ್ರ ದಾರಿಯಿರುವ ಕಡೆಗೆ ಹತ್ತು ಮಂದಿಯನ್ನೂ ಅಟ್ಟಿ, ಒಂಬತ್ತು ಮಂದಿ ಬೇರೆ ಕಡೆ ತಿರುಗಿದಾಗ ಅವರನ್ನು ದ್ರೋಹಿಗಳೆಂದು ಕರೆಯುವುದು ಯಾವ ನ್ಯಾಯ?

ಅದಿರಲಿ. ಈಗ ತಂದೆಯವರ ಪ್ರಶ್ನೆಗೆ ಬರುತ್ತೇನೆ. ಅದು ಪ್ರಾಧ್ಯಾಪಕರ ಪ್ರಶ್ನೆಗಿಂತ ಪ್ರಾಮಾಣಿಕವಾದುದು. ಈ ಶಾಸ್ತ್ರವು ಏನನ್ನು ಕಲಿಸುತ್ತದೆ, ಅದರಿಂದ ಯಾರಿಗೆ ಪ್ರಯೋಜನ?

ನಾನು ಹಲವು ವರ್ಷ ವಕೀಲರಿಗೆ ಕನ್ನಡದ ಕಾಗದಪತ್ರಗಳನ್ನು ಇಂಗ್ಲಿಷಿಗೆ ಮಾಡಿಕೊಟ್ಟು ಸಂಸಾರ ನಡೆಸಿದವನು. ಕೆಳಗಿನ ಕೋರ್ಟಿನಲ್ಲಿ ಸಾಕ್ಷಿ ಕನ್ನಡದಲ್ಲಿ ನುಡಿಯುವನು. ಹೈಕೋರ್ಟಿನ ವ್ಯವಹಾರ ಇಂಗ್ಲಿಷಿನದು. ನಡುವೆ ಭಾಷಾಂತರಕಾರ ನಿಂತಿರುತ್ತಾನೆ. ಒಮ್ಮೆ ಒಬ್ಬ ಮುದುಕಿಯ ಹೇಳಿಕೆಯಲ್ಲಿ "ಅವನು ಹೊಡೆದನಂತೆ" ಎಂದಿತ್ತು. ನನಗಿಂತ ಮೊದಲು ಅದನ್ನು ಭಾಷಾಂತರಿಸಿದವನು 'ಅವನು ಹೊಡೆದನು' ಎಂಬರ್ಥ ಬರುವಂತೆ ಬರೆದುಬಿಟ್ಟಿದ್ದ. 'ಅಂತೆ' ಎಂಬ ಎರಡಕ್ಷರ ಅವನ ಕಣ್ಣಿಗೆ ಮಾತಿನ ಬಾಲದಂತೆ ಕಂಡಿರಬೇಕು. ಆದರೆ ಆ ಎರಡಕ್ಷರದಲ್ಲಿಯೇ ಮೊಕದ್ದಮೆಯ ಜೀವವಿತ್ತು. ಮುದುಕಿ ತಾನು ಕಂಡುದನ್ನು ಹೇಳುತ್ತಿಲ್ಲ, ಯಾರಿಂದಲೋ ಕೇಳಿದ್ದನ್ನು ಹೇಳುತ್ತಿದ್ದಾಳೆ. ಸಾಕ್ಷಿಯು ಕಂಡುದನ್ನು ತಾನೇ ಕಂಡಿರಬೇಕೆಂಬುದು 1872ರ ಸಾಕ್ಷ್ಯ ಕಾಯಿದೆಯ ನಿಯಮವಾಗಿತ್ತು. ಅದರ ಸ್ಥಳದಲ್ಲಿ 2024ರ ಜುಲೈ ತಿಂಗಳಿಂದ ಜಾರಿಗೆ ಬಂದ ಹೊಸ ಕಾಯಿದೆಯಲ್ಲಿಯೂ ಅದು ಉಳಿದಿದೆ. ಒಂದು ಪ್ರತ್ಯಯ ಬಿಟ್ಟುಹೋದರೆ ಗಾಳಿಸುದ್ದಿ ಕಣ್ಣಾರೆ ಕಂಡ ಸಾಕ್ಷ್ಯವಾಗಿಬಿಡುತ್ತದೆ. ನಾನು ಅದನ್ನು ಅಭ್ಯಾಸಬಲದಿಂದ ಹಿಡಿದೆ. ಭಾಷಾಶಾಸ್ತ್ರ ಓದಿದ ಆ ಹುಡುಗಿ ಅದನ್ನು ಮೊದಲ ಓದಿನಲ್ಲಿಯೇ ಹಿಡಿದು, ಮಾತನಾಡುವವನು ತನ್ನ ತಿಳಿವಿನ ಆಧಾರವನ್ನು ಸೂಚಿಸುವ ಇಂಥ ಪ್ರತ್ಯಯಗಳು ಜಗತ್ತಿನ ಎಷ್ಟೋ ಭಾಷೆಗಳಲ್ಲಿವೆಯೆಂದು ನನಗೆ ವಿವರಿಸಿದಳು. ಇಂಥವರು ಕೋರ್ಟಿನ ಭಾಷಾಂತರ ಶಾಖೆಯಲ್ಲಿ ಕೂಡಬಾರದೆ? 2019ರಿಂದ ಸುಪ್ರೀಂ ಕೋರ್ಟು ತೀರ್ಪುಗಳನ್ನು ದೇಶಭಾಷೆಗಳಿಗೆ ತಿರುಗಿಸಲು ಯಂತ್ರದ ಸಹಾಯವನ್ನು ಪಡೆಯುತ್ತಿದೆ. ಯಂತ್ರವು ತಿರುಗಿಸಿದ್ದನ್ನು ತಿದ್ದುವ ಕಣ್ಣು ಬೇಕೇ ಬೇಕು.

ಇಂಗ್ಲೆಂಡಿನಲ್ಲಿ 1950ರಲ್ಲಿ ಗಲ್ಲಿಗೇರಿದ ತಿಮೊಥಿ ಇವಾನ್ಸ್ ಎಂಬವನಿಗೆ 1966ರಲ್ಲಿ ಮರಣೋತ್ತರ ಕ್ಷಮಾದಾನ ದೊರೆಯಿತು. ಎರಡು ವರ್ಷಗಳ ತರುವಾಯ ಸ್ವೀಡನ್ನಿನ ಯಾನ್ ಸ್ವಾರ್ಟ್‌ವಿಕ್ ಎಂಬ ವಿದ್ವಾಂಸನು, ಪೊಲೀಸರು ಬರೆದುಕೊಂಡ ಅವನ ಹೇಳಿಕೆಗಳನ್ನು ಪರಿಶೀಲಿಸಿ, ವಿವಾದದಲ್ಲಿದ್ದ ಭಾಗಗಳ ವಾಕ್ಯರಚನೆಯೇ ಉಳಿದ ಭಾಗಗಳಿಗಿಂತ ಬೇರೆಯಾಗಿದೆಯೆಂದು ತೋರಿಸಿದನು. ಗಲ್ಲಿಗೆ ಮೊದಲು ಅಂಥವನೊಬ್ಬನು ಕೋರ್ಟಿನಲ್ಲಿದ್ದರೆ ಏನಾಗುತ್ತಿತ್ತೋ ಹೇಳಬಲ್ಲವರಾರು? ನಮ್ಮ ಪೊಲೀಸ್ ಠಾಣೆಗಳಲ್ಲಿ ಹೇಳಿಕೆಗಳನ್ನು ಬರೆಯುವ ಭಾಷೆಯನ್ನು ಬಲ್ಲವರಿಗೆ ಈ ಉದಾಹರಣೆಯ ಮೇಲೆ ವ್ಯಾಖ್ಯಾನ ಬೇಡ.

ಎರಡನೆಯದು ಗಣಕಯಂತ್ರದ ಕೆಲಸ. ಈಗ ಹೆಚ್ಚಿನ ನೌಕರಿಗಳು ಇರುವುದು ಇಲ್ಲಿಯೇ. ಯುನಿಕೋಡ್ ಎಂಬ ಸರ್ವಲಿಪಿ ಸಂಕೇತದಲ್ಲಿ ಕನ್ನಡವು 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ಪಡೆಯಿತು; ತುಳು ಲಿಪಿಗೆ ಆ ಭಾಗ್ಯ ದೊರೆತದ್ದು 2024ರಲ್ಲಿ. ಆದರೆ ಅಕ್ಷರಕ್ಕೆ ಸ್ಥಾನ ದೊರೆತ ಮಾತ್ರಕ್ಕೆ ಯಂತ್ರಕ್ಕೆ ಭಾಷೆ ಬಂದಂತಾಗುವುದಿಲ್ಲ. 'ಮನೆ' ಎಂದು ಹುಡುಕಿದವನಿಗೆ 'ಮನೆಯಲ್ಲಿದ್ದವರಿಗೂ' ಎಂಬ ಶಬ್ದ ಸಿಕ್ಕಬೇಕು. ಅದರೊಳಗೆ ಮನೆ ಇದೆ, ಅಲ್ಲಿ ಇದೆ, ಇದ್ದ ಇದೆ, ಅವರು ಇದ್ದಾರೆ, ಗೆ ಇದೆ, ಕೊನೆಗೆ ಊ ಇದೆ. ಇಂಗ್ಲಿಷು ಐದಾರು ಶಬ್ದಗಳಲ್ಲಿ ಹೇಳುವುದನ್ನು ಕನ್ನಡ ಒಂದರಲ್ಲಿ ಪೋಣಿಸುತ್ತದೆ. ಈ ಪೋಣಿಕೆಯನ್ನು ಬಿಡಿಸಿ ತೋರಿಸದೆ ಕಾಗುಣಿತ ತಿದ್ದುವ ಯಂತ್ರವಾಗಲಿ, ಹುಡುಕುವ ಯಂತ್ರವಾಗಲಿ ನಡೆಯಲಾರದು.

ಇನ್ನು ಮಾತು ಕೇಳಿ ಬರೆದುಕೊಳ್ಳುವ ಯಂತ್ರವನ್ನು ನೋಡಿರಿ. ಪುಸ್ತಕದಲ್ಲಿ 'ಬರುತ್ತಾನೆ' ಎಂದಿದ್ದರೆ ಮೈಸೂರಿನವರು 'ಬರ್ತಾನೆ' ಎನ್ನುವರು, ನಾವು 'ಬರ್ತಾನ' ಎನ್ನುವೆವು, ಕುಂದಾಪುರದವರು 'ಬತ್ತ' ಎನ್ನುವರು. ಮೈಸೂರಿನ ಮಾತನ್ನಷ್ಟೇ ಕೇಳಿ ಬೆಳೆದ ಯಂತ್ರಕ್ಕೆ ನವಲಗುಂದದ ರೈತನು ಬೆಳೆವಿಮೆಯ ವಿಷಯ ಕೇಳಿದರೆ ಅದು ಕಿವುಡಾಗುವುದು. ದೋಷ ರೈತನದಲ್ಲ, ಆದರೆ ನಷ್ಟ ರೈತನದು. ಭಾರತ ಸರ್ಕಾರವು 2022ರಲ್ಲಿ 'ಭಾಷಿಣಿ' ಎಂಬ ಯೋಜನೆಯನ್ನು ಆರಂಭಿಸಿದುದು ದೇಶಭಾಷೆಗಳಿಗೆ ಇಂಥ ಸಾಧನಗಳನ್ನು ಒದಗಿಸುವುದಕ್ಕಾಗಿಯೇ. ಯಾವ ಊರಿನ, ಯಾವ ವಯಸ್ಸಿನ, ಯಾವ ವರ್ಗದ ಮಾತನ್ನು ಎಷ್ಟು ಕೂಡಿಸಬೇಕು, ಕೂಡಿಸಿದ್ದನ್ನು ಹೇಗೆ ಗುರುತು ಹಾಕಿ ಬರೆಯಬೇಕು ಎಂಬುದನ್ನು ನಿರ್ಣಯಿಸುವುದು ಭಾಷಾಶಾಸ್ತ್ರ ಓದಿದವನ ಕೆಲಸವಲ್ಲದೆ ಮತ್ತಾರದು?

ಇಲ್ಲಿ ಒಂದು ಬಲವಾದ ಆಕ್ಷೇಪಣೆಯುಂಟು, ಅದನ್ನು ಮುಚ್ಚಿಡಲಾರೆ. ಯಂತ್ರವು ಈಗ ಕೋಟ್ಯಂತರ ವಾಕ್ಯಗಳನ್ನು ತಾನೇ ಓದಿ ಭಾಷೆ ಕಲಿಯುತ್ತದೆ, ಅದಕ್ಕೆ ವ್ಯಾಕರಣದ ಗುರು ಬೇಕಿಲ್ಲವೆಂದು ಇಂಜಿನಿಯರುಗಳು ಹೇಳುವರು. ಇಂಗ್ಲಿಷಿನ ಮಟ್ಟಿಗೆ ಇದು ಬಹುಮಟ್ಟಿಗೆ ನಿಜ. ಅಲ್ಲಿ ಓದಲು ಸಾಗರದಷ್ಟಿದೆ. ಕನ್ನಡದಲ್ಲಿ ಕೆರೆಯಷ್ಟಿದೆ. ತುಳು, ಕೊಡವ, ಲಂಬಾಣಿಗಳಲ್ಲಿ ಬೊಗಸೆಯಷ್ಟೂ ಇಲ್ಲ. ಓದುವುದು ಕಡಿಮೆಯಾದಷ್ಟೂ ಓದಿಸುವವನ ಜಾಣತನ ಹೆಚ್ಚು ಬೇಕಾಗುತ್ತದೆ. ಅಲ್ಲದೆ, ಯಂತ್ರವು ಅಪ್ಪನಿಗೆ 'ನೀನು' ಎಂದಿತೋ 'ನೀವು' ಎಂದಿತೋ ಎಂಬುದನ್ನು ಪರೀಕ್ಷಿಸಲು ಇಂಜಿನಿಯರನ ಲೆಕ್ಕ ಸಾಲದು. ಏಕೆಂದರೆ ಕೆಲವು ಮನೆಗಳಲ್ಲಿ ಅಪ್ಪನಿಗೆ 'ನೀನು' ಎಂಬುದೇ ಪ್ರೀತಿ, ಬೇರೆ ಮನೆಗಳಲ್ಲಿ ಅದೇ ಉದ್ಧಟತನ. ಆದರೂ ಇಷ್ಟನ್ನು ಒಪ್ಪಿಕೊಳ್ಳಬೇಕು: ಈ ಕೆಲಸಗಳಲ್ಲಿ ಅನೇಕವು ವರ್ಷದ ಕರಾರಿನವು, ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಗಣಕಕ್ಕೆ ತಾನೇ ಆಜ್ಞೆ ಬರೆಯಲು ಬಾರದವನನ್ನು, ಸಂಖ್ಯಾಶಾಸ್ತ್ರದ ಗಂಧವಿಲ್ಲದವನನ್ನು ಅಲ್ಲಿ ಗುರುತು ಹಾಕುವ ಕೂಲಿಯಾಗಿಯೇ ಇಟ್ಟುಕೊಳ್ಳುವರು. ಹುಡುಗಿಯ ತಂದೆಯವರು ಈ ಮಾತನ್ನು ಗಮನಿಸಬೇಕು. ಅವರಿಗಿಂತ ಹೆಚ್ಚಾಗಿ ವಿಶ್ವವಿದ್ಯಾಲಯದವರು.

ಶಾಲೆಯ ಕೆಲಸವು ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡದು, ಆದರೆ ಅದಕ್ಕೆ ಹಣ ಕೊಡುವವರು ಕಡಿಮೆ. ವಿಜಯಪುರದ ಕಡೆಯ ತಾಂಡೆಯಲ್ಲಿ ಮನೆಯೊಳಗೆ ಲಂಬಾಣಿಯನ್ನಾಡುವ ಮಗು ಆರನೆಯ ವಯಸ್ಸಿಗೆ ಕನ್ನಡ ಶಾಲೆಗೆ ಬರುತ್ತದೆ. ಅದರ ಭಾಷೆ ಕನ್ನಡದ ಉಪಭಾಷೆಯಲ್ಲ. ರಾಜಸ್ಥಾನಿ, ಗುಜರಾತಿಗಳ ನಂಟಿನದು. ಮಾಸ್ತರರು ಇದನ್ನರಿಯದೆ ಮಗುವನ್ನು ದಡ್ಡನೆನ್ನುವರು. 2020ರ ಶಿಕ್ಷಣನೀತಿಯು ಸಾಧ್ಯವಾದಲ್ಲೆಲ್ಲ ಐದನೆಯ ಇಯತ್ತೆಯವರೆಗಾದರೂ ಮನೆಮಾತಿನಲ್ಲಿ ಕಲಿಸಬೇಕೆಂದು ಹೇಳಿದೆ. ಹೇಳುವುದು ಸುಲಭ. ಆ ಮನೆಮಾತಿನ ಧ್ವನಿಗಳಿಗೆ ಕನ್ನಡ ಲಿಪಿಯಲ್ಲಿ ಗುರುತು ಯಾವುದು? ತುಳುವಿನ 'ಅವು', 'ಇಜ್ಜಿ'ಗಳನ್ನು ಬರೆಯುವುದು ಸುಲಭ. ಅದರ ಶಬ್ದಗಳ ಕೊನೆಯಲ್ಲಿ ಬರುವ, 'ಉ'ಕಾರವೂ ಅಲ್ಲದ 'ಇ'ಕಾರವೂ ಅಲ್ಲದ ಆ ಸ್ವರಕ್ಕೆ ನಮ್ಮ ವರ್ಣಮಾಲೆಯಲ್ಲಿ ಚಿಹ್ನೆಯೇ ಇಲ್ಲ. ಇಂಥ ಬಾಲಬೋಧೆಗಳನ್ನು ಯಾರು ಬರೆಯಬೇಕು? ಬೆಂಗಳೂರಿಗೆ ಬಂದ ಪರಭಾಷೆಯವರಿಗೆ ಕನ್ನಡ ಕಲಿಸಲು ಯಾರು ಪಾಠ ರಚಿಸಬೇಕು? 1969ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯು ಇಂಥ ಕೆಲಸವನ್ನು ಮಾಡುತ್ತ ಬಂದಿದೆ. ಆದರೆ ಒಂದು ಸಂಸ್ಥೆ ಎಷ್ಟನ್ನು ಹೊತ್ತೀತು?

ಜನಗಣತಿಯ ಕಚೇರಿಯನ್ನೂ ಹೇಳದೆ ಬಿಡಲಾರೆ. 2011ರ ಗಣತಿಯಲ್ಲಿ ಜನರು ಮಾತೃಭಾಷೆಯೆಂದು ಬರೆಯಿಸಿದ ಹೆಸರುಗಳು 19,569. ಒಬ್ಬನು ಜಾತಿಯ ಹೆಸರು ಹೇಳಿದ, ಇನ್ನೊಬ್ಬನು ಊರಿನ ಹೆಸರು ಹೇಳಿದ. ಅವನ್ನೆಲ್ಲ ಸೋಸಿ 1,369 ಮಾತೃಭಾಷೆಗಳೆಂದೂ, ಹತ್ತು ಸಾವಿರಕ್ಕೆ ಮೇಲ್ಪಟ್ಟು ಆಡುವವರಿರುವ 121 ಭಾಷೆಗಳೆಂದೂ ವಿಂಗಡಿಸಿದವರು ಕಚೇರಿಯಲ್ಲಿ ಕುಳಿತ ನೌಕರರೇ. ಯಾವ ನುಡಿಗೆ ಲೆಕ್ಕದಲ್ಲಿ ಸ್ಥಾನ, ಯಾವುದಕ್ಕಿಲ್ಲ ಎಂಬುದು ಅವರ ಲೇಖನಿಯಲ್ಲಿದೆ.

ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವ ವೃತ್ತಿಯ ವಿಷಯದಲ್ಲಿ ಎಚ್ಚರಿಕೆಯ ಮಾತೊಂದು. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹೆಸರು ಕೇಳಿ, ಭಾಷಾಶಾಸ್ತ್ರದ ಎಂ. ಎ. ಆದರೆ ಅಲ್ಲಿ ಚಿಕಿತ್ಸಕರಾಗಬಹುದೆಂದು ಕೆಲವರು ತಿಳಿದಿರುವರು. ಹಾಗಿಲ್ಲ. ಅದಕ್ಕೆ ಬೇರೆಯೇ ಪದವಿ, ಕಾನೂನಿನ ಪ್ರಕಾರ ನೋಂದಣಿ ಬೇಕು. ಚಿಕಿತ್ಸಕರಿಗೆ ಬೇಕಾದ ಕನ್ನಡದ ಪರೀಕ್ಷಾ ಸಾಮಗ್ರಿಯನ್ನು ಸಿದ್ಧಪಡಿಸುವಲ್ಲಿ ಮಾತ್ರ ಇವರು ನೆರವಾಗಬಲ್ಲರು.

ಇಷ್ಟು ಕೆಲಸಗಳಿದ್ದೂ ಮಕ್ಕಳು ಏಕೆ ಅಲೆಯುತ್ತಿರುವರು? ಕೆಲಸ ಉಂಟು, ಕೂಲಿ ಇಲ್ಲ; ಇದೇ ನಿಜವಾದ ಕಾರಣ. ನನ್ನ ಕೋಪವೆಲ್ಲ ಇಲ್ಲಿ. ಕನ್ನಡದ ಕೆಲಸವೆಂದ ಕೂಡಲೆ ನಮಗೆ 'ಸೇವೆ' ಎಂಬ ಶಬ್ದ ನೆನಪಾಗುತ್ತದೆ. ಮುದ್ರಣಾಲಯದವನು ಕಾಗದಕ್ಕೆ ಹಣ ಕೊಡುವನು, ಶಾಯಿಗೆ ಹಣ ಕೊಡುವನು, ರಟ್ಟು ಕಟ್ಟುವವನಿಗೆ ಹಣ ಕೊಡುವನು. ಕರಡು ತಿದ್ದುವವನಿಗೆ ಕನ್ನಡಾಭಿಮಾನವನ್ನು ಜ್ಞಾಪಿಸುವನು. ಆ ಹುಡುಗಿ ಒಂದು ಕಂಪನಿಗೆ ಅರ್ಜಿ ಹಾಕಿದಾಗ ಪರೀಕ್ಷೆಯೆಂಬ ಹೆಸರಿನಲ್ಲಿ ಐನೂರು ವಾಕ್ಯಗಳನ್ನು ಭಾಷಾಂತರಿಸಿಕೊಂಡು, ಆಮೇಲೆ ಉತ್ತರವನ್ನೇ ಬರೆಯಲಿಲ್ಲ. ಐನೂರು ವಾಕ್ಯಗಳು ಅವರಿಗೆ ಪುಕ್ಕಟೆ ದೊರೆತವು. ಇದನ್ನು ಬೇರೆ ಯಾವ ವೃತ್ತಿಯಲ್ಲಿ ಸಹಿಸುವರು? ಬಡಗಿಯನ್ನು ಕರೆದು, ಮೊದಲು ಹತ್ತು ಬಾಗಿಲು ಪುಕ್ಕಟೆ ಮಾಡಿ ತೋರಿಸು, ಮೆಚ್ಚಿದರೆ ಹನ್ನೊಂದನೆಯದಕ್ಕೆ ಕೂಲಿ ಕೊಡುತ್ತೇವೆಂದರೆ ಅವನು ಉಳಿಯನ್ನು ಚೀಲಕ್ಕೆ ಹಾಕಿಕೊಂಡು ನಡೆಯುವನು.

ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟಗಳಲ್ಲಿ ಮುಗಿಯಲು ಹಲವು ದಶಕಗಳು ಹಿಡಿದವು. ಆ ಕಾರ್ಯದ ಧುರೀಣರಾದ ಜಿ. ವೆಂಕಟಸುಬ್ಬಯ್ಯನವರು 107 ವರ್ಷ ಬದುಕಿ 2021ರಲ್ಲಿ ತೀರಿಕೊಂಡರು; ಅವರ 'ಇಗೋ ಕನ್ನಡ' ಅಂಕಣವನ್ನು ಪ್ರಜಾವಾಣಿಯಲ್ಲಿ ಓದಲು ಮನೆಮನೆಗಳಲ್ಲಿ ಜನ ಕಾಯುತ್ತಿದ್ದರು. ಒಂದು ಶಬ್ದದ ಹುಟ್ಟು ತಿಳಿಯುವ ಕುತೂಹಲ ನಮ್ಮವರಲ್ಲಿ ಇಷ್ಟಿದ್ದೂ, ಆ ಕುತೂಹಲವನ್ನು ತಣಿಸುವ ಕೈಗಳಿಗೆ ತಿಂಗಳ ಸಂಬಳ ಗೊತ್ತು ಮಾಡಬೇಕೆಂಬುದು ಯಾರಿಗೂ ತೋಚದು.

ವಿಶ್ವವಿದ್ಯಾಲಯಗಳವರಲ್ಲಿ ನನ್ನ ಬೇಡಿಕೆ ಚಿಕ್ಕದು. ನೀವು ಕಲಿಸುವ ಧ್ವನಿಶಾಸ್ತ್ರ, ಆಕೃತಿಶಾಸ್ತ್ರಗಳಲ್ಲಿ ಒಂದಕ್ಷರವನ್ನೂ ಕಡಿಮೆ ಮಾಡಬೇಡಿರಿ. ಅದರೊಡನೆ ಲೆಕ್ಕವನ್ನೂ ಗಣಕವನ್ನೂ ತುಸು ಕಲಿಸಿರಿ. ಎರಡನೆಯ ವರ್ಷದಲ್ಲಿ ಮೂರು ತಿಂಗಳು ಮಕ್ಕಳನ್ನು ಕೋರ್ಟಿಗೋ ಮುದ್ರಣಾಲಯಕ್ಕೋ ತಾಂಡೆಯ ಶಾಲೆಗೋ ಕಳಿಸಿರಿ. ಹೋದವರಲ್ಲಿ ಕೆಲವರು ಸಂಶೋಧನೆಗೇ ಮರಳಿ ಬರುವರು, ಬರುವಾಗ ವೋರ್ಫನಂತೆ ಒಂದು ಪೀಪಾಯಿಯನ್ನಾದರೂ ತರುವರು. ವಿದ್ಯಾರ್ಥಿಗಳಿಗೂ ಒಂದು ಮಾತು: ಎಂ. ಎ. ಆದವರು ಕರಡು ತಿದ್ದುವುದು ಕೀಳೆಂದು ಕೆಲವರು ಮೂಗು ಮುರಿಯುವುದನ್ನು ನಾನು ಕಂಡಿದ್ದೇನೆ. ಆ ಮೂಗಿಗೆ ಔಷಧವಿಲ್ಲ.

ಕೊನೆಗೆ ನಮ್ಮ ಮನೆಯ ಮಾತು. ನಮ್ಮ ಸಂಘವೂ ಈ ದೋಷದಿಂದ ಹೊರತಾಗಿಲ್ಲ. ಜಿಲ್ಲೆಯ ಒಕ್ಕಲುತನದ ಶಬ್ದಗಳನ್ನು ಕೂಡಿಸಿ ಒಂದು ಪದಕೋಶ ತರಬೇಕೆಂದು ಕಾರ್ಯಕಾರಿ ಸಮಿತಿಯು ಈಚೆಗೆ ನಿಶ್ಚಯಿಸಿದೆ. ಒಳ್ಳೆಯ ಸಂಕಲ್ಪ. ರಂಟೆ, ಕುಂಟೆ, ಕೂರಿಗೆಗಳು ಟ್ರ್ಯಾಕ್ಟರಿನ ಗಾಲಿಯ ಕೆಳಗೆ ಹೋಗುತ್ತಿರುವಾಗ ಅವುಗಳ ಒಂದೊಂದು ಅಂಗಕ್ಕೂ ಇದ್ದ ಹೆಸರುಗಳನ್ನು ಬಲ್ಲ ಮುದುಕರು ಇನ್ನೆಷ್ಟು ದಿನ ಇರುವರು? ಆದರೆ ಈ ಕೆಲಸಕ್ಕೆ ಸಮಿತಿಯು ಗೊತ್ತು ಮಾಡಿದ ವೆಚ್ಚವನ್ನು ನೋಡಿದೆ. ಮುದ್ರಣಕ್ಕೆ ಹಣವಿದೆ, ಬಿಡುಗಡೆಯ ಸಮಾರಂಭಕ್ಕೆ, ಮಂಟಪಕ್ಕೆ, ಅತಿಥಿಗಳ ಊಟಕ್ಕೆ ಹಣವಿದೆ, ಹಳ್ಳಿ ಹಳ್ಳಿ ತಿರುಗಿ ಶಬ್ದ ಕೂಡಿಸುವ ಮೂವರಿಗೆ 'ಸ್ವಯಂಸೇವಕರು, ಶಾಲು, ಫಲತಾಂಬೂಲ' ಎಂದು ಬರೆದಿದೆ. ಆ ಮೂವರಿಗೆ ಒಂದು ವರ್ಷದ ಸಂಬಳವನ್ನೂ ಬಸ್ಸಿನ ಖರ್ಚನ್ನೂ ಕೊಡಬೇಕು, ಅದಕ್ಕಾಗಿ ಸಮಾರಂಭವನ್ನು ಕೈಬಿಟ್ಟು ಪುಸ್ತಕವನ್ನು ಅಂಚೆಯಲ್ಲಿ ಕಳಿಸಬೇಕೆಂದು ನಾನು ಠರಾವೊಂದನ್ನು ಬರೆದುಕೊಟ್ಟಿದ್ದೇನೆ. ಅದು ಮುಂದಿನ ಸಾಮಾನ್ಯ ಸಭೆಗೆ ಬರುವುದು. ಸದಸ್ಯರಾದ ವಾಚಕರು ಆ ದಿನ ತಪ್ಪದೆ ಬಂದು ಕೈಯೆತ್ತಬೇಕು. ವಿರೋಧಿಸುವವರೂ ಬರಲಿ, ವಾದ ನಡೆಯಲಿ. ಹುಡುಗಿಗೆ ನಾನು ಕಾಗದ ಬರೆದಿದ್ದೇನೆ: ಅರ್ಜಿ ಕಳಿಸವ್ವಾ, ಅದರೊಡನೆ ನಿನ್ನ ತಿಂಗಳ ಸಂಬಳ ಎಷ್ಟಿರಬೇಕೆಂಬುದನ್ನೂ ಬರೆದು ಕಳಿಸು, ಕಡಿಮೆ ಬರೆಯಬೇಡ.